ತಂತಿರಾಯನನ್ನು ಮಾರಿದವರು ಯಾರು

ಹೌಗಾಂಗ್, ಸಿಂಗಪುರ
೧೫ ಜೂನ್ ೧೯೯೭, ಭಾನುವಾರ

ಪ್ರೀತಿಯ ಅತ್ತೆ,

ದೂರದಿಂದಲೇ ನಿಮ್ಮ ಕಾಲು ಮುಟ್ಟಿದ್ದೇನೆ ಎಂದುಕೊಳ್ಳಿ. ಮಂಡಿ ನೋವು ಹೇಗಿದೆ? ವತ್ಸಲಾಳ ಬಾಣಂತನದ ಹೆಸರಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಇರುತ್ತೀರಿ, ಕೇಳಿದರೆ ಈಗ ತಾನೇ ಕೂತಿದ್ದೆ ಎನ್ನುತ್ತೀರಿ. ಮಗು ಹಗಲು ಮಲಗಿ ರಾತ್ರಿ ಆಡುವುದನ್ನು ಬಿಟ್ಟಿತೇ? ಸಾಂಬ್ರಾಣಿ ಹೊಗೆ ಹಾಕುವಾಗ ಕಿಟಕಿ ತೆರೆದಿಡಿ, ವತ್ಸಲಾಗೆ ಮೊದಲಿನಿಂದಲೂ ಕೆಮ್ಮಿನ ಕಾಟ. ಇಲ್ಲಿ ನಾವೆಲ್ಲ ಆರೋಗ್ಯ. ನಿಮ್ಮ ಮಗನಿಗೆ ಕಾಕಿ ಬುಕಿತ್ ಫ್ಯಾಕ್ಟರಿಯಲ್ಲಿ ಹೊಸ ಮೆಷೀನು ಬಂದಿದೆ, ಶನಿವಾರವೂ ಅದರ ಸೇವೆ. ಧೃತಿ ಪರೀಕ್ಷೆ ಮುಗಿಸಿ ಕನ್ನಡಕ್ಕೂ ಇಂಗ್ಲಿಷಿಗೂ ಒಟ್ಟಿಗೇ ಇಲ್ಲಿಯವರ 'ಲಾ' ಅಂಟಿಸಿಕೊಂಡು ಓಡಾಡುತ್ತಿದ್ದಾಳೆ. ಮಾವನವರ ಬಿ.ಪಿ. ಹತೋಟಿಯಲ್ಲಿದೆ. ಬೆಳಿಗ್ಗೆ ತಿಂಡಿಯಾದ ಮೇಲೆ ಕೆಳಗೆ ಕಟ್ಟಡದ ತಳದ ಖಾಲಿ ಅಂಗಳವಾದ ವಾಯ್ಡ್ ಡೆಕ್‌ಗೆ ಇಳಿದು, ಚದುರಂಗ ಆಡುವ ಚೀನೀ ಮುದುಕರ ಪಕ್ಕ ಕೂತು, ಒಂದು ಮಾತೂ ಬಾರದೆ ಅವರಿಗೆ ಸಲಹೆ ಕೊಡುತ್ತಾರೆ. ಕಾಫಿಗೆ ಸಕ್ಕರೆ ಬಿಟ್ಟಿದ್ದೇನೆ ಎನ್ನುತ್ತಾರೆ. ಸಕ್ಕರೆ ಡಬ್ಬಿ ನೋಡಿದರೆ ನನಗೇನೋ ನಂಬಿಕೆ ಬರುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಇದನ್ನು ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ಹೇಳಿದರೆ ನೀವು 'ಹೋಗಲಿ ಬಿಡೇ, ಹಳೇ ಕಥೆ' ಎಂದು ಅಡಿಗೆಮನೆಗೆ ಹೊರಟುಬಿಡುತ್ತೀರಿ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು. ಮಾವನವರೇ ಬರೆಯಲಿ ಎಂದು ನಿನ್ನೆ ರಾತ್ರಿಯವರೆಗೂ ಕಾದೆ. ಅವರು ಪೆನ್ನು ಹಿಡಿದು, ಇಟ್ಟು, ನೀನೇ ಬರಿ, ನೀನಾದರೆ ಒಂದೂ ಬಿಡದೆ ಬರೀತೀಯ ಎಂದರು. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಮದುವೆಯಾದ ಹೊಸತರಲ್ಲಿ ಹಾಲಿನವನು ನೀರು ಬೆರೆಸುತ್ತಾನೆಂದು ಬಾಗಿಲ ಹಿಂದೆ ನಿಂತು ನೋಡುತ್ತಿದ್ದವಳು ನಾನು. ನೀವು ನಗುತ್ತಿದ್ದಿರಿ. ಈ ಸಲದ ಅನುಮಾನಗಳನ್ನೂ ಹುಟ್ಟಿದ ಕ್ರಮದಲ್ಲೇ ಹೇಳುತ್ತೇನೆ. ನಡುವೆ ಒಂದು ಕಡೆ ನಿಮಗೆ ನನ್ನ ಮೇಲೆ ಕೋಪ ಬರಬಹುದು, ಬಂದರೂ ಮುಂದೆ ಓದಿ.

ಯುಗಾದಿಗೆ ಇಲ್ಲಿನ ಕನ್ನಡದವರೆಲ್ಲ ಒಂದು ಹಾಲ್ ಬುಕ್ ಮಾಡಿ ಸೇರಿದ್ದೆವು. ಊರಿಂದ ಬಂದ ಹಿರಿಯರನ್ನೆಲ್ಲ ಸ್ಟೇಜಿಗೆ ಕರೆದು ಪರಿಚಯ ಕೇಳಿದರು. ಮಾವ ತಮ್ಮ ಹೆಸರು ಗುಂಡಪ್ಪ, ಊರು ಮೈಸೂರು, ಬ್ಯಾಂಕಿನಲ್ಲಿ ನೌಕರಿ ಮಾಡಿ ನಿವೃತ್ತಿ ಎಂದು ಹೇಳಿ ಇಳಿದು ಬಂದರು. ಒಬ್ಬಟ್ಟು ತಿನ್ನುತ್ತಿರುವಾಗ ಮೂವತ್ತರ ಆಸುಪಾಸಿನ ಒಬ್ಬ ಹುಡುಗ ಬಂದು ಎದುರಿಗೆ ನಿಂತ. ಸಣಕಲು ಮೈ, ದಪ್ಪ ಕನ್ನಡಕ, ಭಾನುವಾರವೂ ಇಸ್ತ್ರಿ ಹಾಕಿದ ಶರಟು. ಹೆಸರು ಆತ್ರೇಯ, ಇಲ್ಲೇ ಒಂದು ಬ್ಯಾಂಕಿನಲ್ಲಿದ್ದೇನೆ ಎಂದ. ಆಮೇಲೆ ಮೆಲ್ಲಗೆ ಕೇಳಿದ, ಅಂಕಲ್, ನೀವು ತಂತಿರಾಯನ ಗುಂಡಪ್ಪನವರಾ ಎಂದು. ಮಾವನವರಿಗೆ ಒಬ್ಬಟ್ಟು ಗಂಟಲಲ್ಲಿ ಸಿಕ್ಕಿಕೊಂಡಿತು. ನಾನು ನೀರು ಕೊಟ್ಟೆ. ಕೆಮ್ಮು ನಿಂತ ಮೇಲೂ ಅವರು ಆ ಹುಡುಗನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಹೌದು ಎಂದರು.

ಅತ್ತೆ, ಈ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ತಂತಿರಾಯ ಎಂಬ ಹೆಸರನ್ನು ನಾನು ಕೇಳಿದ್ದು ಅವತ್ತೇ. ಅರವತ್ತೊಂಬತ್ತು, ಎಪ್ಪತ್ತರಲ್ಲಿ 'ಬಾಲಕೌತುಕ' ಎಂಬ ಮಕ್ಕಳ ಮಾಸಿಕದಲ್ಲಿ ಬರುತ್ತಿದ್ದ ಚಿತ್ರಕಥೆಯ ವೀರ ಅವನು ಎಂದು ಹೇಳಿದ್ದು ಆತ್ರೇಯ. ತಂತಿ ಹಂಚುವ ಬಡ ಪ್ಯೂನು, ಖಾಕಿ ಅಂಗಿ, ಚೆಡ್ಡಿ, ಸೈಕಲ್ಲು. ಯಾರಿಗಾದರೂ ಕಷ್ಟ ಬಂತೆಂದರೆ ಕಂಬ ಮುಟ್ಟಿ ತಂತಿಯೊಳಗೆ ಸೇರಿಬಿಡುತ್ತಾನೆ, ನೂರು ಮೈಲಿ ಆಚೆಯ ಕಂಬದಿಂದ ಇಳಿಯುತ್ತಾನೆ. ತಂತಿ ಇಲ್ಲದ ಹಳ್ಳಿಯಾದರೆ ಪಾಪ, ಸೈಕಲ್ ತುಳಿದುಕೊಂಡೇ ಹೋಗಬೇಕು. ಗುದ್ದಾಟವಿಲ್ಲ, ಉಬ್ಬಿದ ತೋಳಿಲ್ಲ. ಆಗಿನ ಮಕ್ಕಳಿಗೆ ಅವನು ಅಷ್ಟೇನೂ ಹಿಡಿಸಲಿಲ್ಲವಂತೆ. ಆತ್ರೇಯನಿಗೆ ಮಾತ್ರ ಇಂಥವರೇ ಬೇಕು. ಬಿಡುವಿನಲ್ಲಿ ಅವನು ಮಾಡುವ ಕೆಲಸವೇ ಅದು. ಜನ ಮರೆತ ಕಾಮಿಕ್ಸ್ ವೀರರ ಪ್ರಕಟಣೆಯ ಚರಿತ್ರೆ ಬರೆಯುವುದು. ಯಾವ ಪ್ರೆಸ್ಸು, ಯಾವ ತಿಂಗಳು ಶುರುವಾಯಿತು, ಯಾರು ಬರೆದರು, ಯಾಕೆ ನಿಂತಿತು, ಆಮೇಲೆ ಯಾರ ಕೈಗೆ ಹೋಯಿತು, ಇದೆಲ್ಲವನ್ನೂ ಹುಡುಕಿ ಒಂದು ಚಿಕ್ಕ ಪತ್ರಿಕೆ ಮಾಡಿ ಝೆರಾಕ್ಸ್ ತೆಗೆದು ತನ್ನಂಥ ನಾಲ್ಕು ಜನರಿಗೆ ಅಂಚೆಯಲ್ಲಿ ಕಳಿಸುತ್ತಾನೆ. ಈಚೆಗೆ ಇಂಟರ್ನೆಟ್ಟಿನಲ್ಲೂ ಹಾಕುತ್ತಾನಂತೆ. ಪೆನಾಂಗಿನ ಒಬ್ಬ ಮೀನುಗಾರ ವೀರ, ಸಿಲೋನಿನ ಒಬ್ಬ ಟೀ ತೋಟದ ವೀರ, ಇವರ ಬಗ್ಗೆ ಬರೆದದ್ದನ್ನು ತಂದು ತೋರಿಸಿದ. ನೋಡಿ ನನಗೆ ಅನ್ನಿಸಿದ್ದು ಒಂದೇ: ಓದಿದ ಹುಡುಗ, ಒಳ್ಳೆ ಕೆಲಸ, ಇಂಥ ವಿಷಯಕ್ಕೆ ಇಷ್ಟೊಂದು ಸಮಯ ಯಾಕೆ ಕಳೆಯುತ್ತಾನೆ? ಇದರ ಹಿಂದೆ ಏನಿದೆ?

ಅಂದಿನಿಂದ ಪ್ರತಿ ಭಾನುವಾರ ನಮ್ಮ ಮನೆಗೆ ಬರತೊಡಗಿದ. ಬಾಗಿಲಲ್ಲಿ ಶೂ ಬಿಚ್ಚಿ ಜೋಡಿಸಿಟ್ಟು, ಟೇಪ್ ರೆಕಾರ್ಡರ್ ಟೇಬಲ್ ಮೇಲಿಟ್ಟು, ಕಾಫಿ ಕುಡಿದು, ಮಾವನವರನ್ನು ಪ್ರಶ್ನೆ ಕೇಳುವುದು. ನಾನು ಅಡಿಗೆಮನೆಯಲ್ಲಿ ಹೆಚ್ಚುತ್ತಾ ಕಿವಿ ಹೊರಗಿಟ್ಟಿರುತ್ತಿದ್ದೆ. ಮೂರು ವಿಷಯ ನನಗೆ ಸರಿಬರಲಿಲ್ಲ. ಯಾರ ಮಗನಪ್ಪ ನೀನು ಎಂದು ಕೇಳಿದರೆ ನೇರವಾಗಿ ಹೇಳುತ್ತಿರಲಿಲ್ಲ, 'ಬೇಸಿಕಲಿ ಮೈಸೂರ್ ಕಡೆಯೋರೇ ಆಂಟಿ' ಎಂದು ಜಾರಿಕೊಳ್ಳುತ್ತಿದ್ದ. ತಾಯಿ ಎಲ್ಲಿದ್ದಾರೆ ಎಂದರೆ ಊರಲ್ಲಿ ಎಂದ. ಮನೆಯ ಫೋನ್ ನಂಬರ್ ಕೇಳಿದರೆ ಆಫೀಸಿನದು ಕೊಟ್ಟ. ಮೇಲಾಗಿ, ತಿರುಗಿ ಮುರುಗಿ ಒಂದೇ ಪ್ರಶ್ನೆಗೆ ಬರುತ್ತಿದ್ದ, ಒರಿಜಿನಲ್ ಚಿತ್ರಗಳು ಈಗ ಎಲ್ಲಿವೆ ಅಂಕಲ್ ಎಂದು. ಹಳೇ ಚಿತ್ರಗಳನ್ನು ಅಮೆರಿಕದವರು ಮುಗಿಬಿದ್ದು ಕೊಳ್ಳುತ್ತಾರೆಂದು ಎಲ್ಲೋ ಓದಿದ್ದೆ. ಮುದುಕರನ್ನು ಪುಸಲಾಯಿಸಿ ಚಿತ್ರ ಹೊಡೆದುಕೊಂಡು ಹೋಗುವ ಉಪಾಯ ಎಂದು ಖಾತ್ರಿಯಾಯಿತು. ನಿಮ್ಮ ಮಗನಿಗೆ ಹೇಳಿದೆ. ಅವರು ನಕ್ಕು, 'ಅಪ್ಪನ ಮಾತು ಕೇಳೋಕ್ಕೆ ಒಬ್ಬ ಸಿಕ್ಕಿದಾನಲ್ಲ, ಬಿಡು' ಎಂದು ಪೇಪರ್ ಬಿಡಿಸಿಕೊಂಡರು.

ಆದರೆ ವಾರ ಕಳೆದಂತೆ ನನ್ನ ಅನುಮಾನ ಬೇರೆ ದಿಕ್ಕಿಗೆ ತಿರುಗಿತು. ಅದನ್ನು ಬರೆಯಲು ಸಂಕೋಚವಾಗುತ್ತದೆ. ಮಾವನವರ ಮಾತು ವಾರದಿಂದ ವಾರಕ್ಕೆ ಬದಲಾಗುತ್ತಿತ್ತು. ಒಂದು ಭಾನುವಾರ ಎಲ್ಲ ಚಿತ್ರವನ್ನೂ ಬ್ರಷ್ಷಿನಲ್ಲೇ ಬರೆದೆ ಎಂದರು, ಮುಂದಿನ ಭಾನುವಾರ ಅದ್ದಿ ಬರೆಯುವ ನಿಬ್ಬು ಎಂದರು. ತಂತಿರಾಯನಿಗೆ ಮೀಸೆ ಯಾಕೆ ಬಂತು ಎಂದು ಕೇಳಿದರೆ ಒಂದು ಸಲ ನಮ್ಮ ತಾತನ ಮೀಸೆ ಎಂದರು, ಇನ್ನೊಂದು ಸಲ ಹಾಗೇ ಬಂತಪ್ಪ ಎಂದರು. ನಮ್ಮ ಧೃತಿ ಊಟದ ಮನೆಯಿಂದಲೇ, 'ತಾತಾ, ಲಾಸ್ಟ್ ವೀಕ್ ಬೇರೆ ಹೇಳಿದ್ರಿ ಲಾ' ಎಂದಳು. ನಾನು ಅವಳನ್ನು ಗದರಿಸಿದೆ, ಆದರೆ ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಆತ್ರೇಯ ಬ್ಯಾಗಿನಿಂದ ಬಿಳಿ ಹಾಳೆ, ಪೆನ್ಸಿಲ್ ತೆಗೆದು, ಧೃತಿಗೋಸ್ಕರ ಒಂದೇ ಒಂದು ತಂತಿರಾಯನನ್ನು ಬರೆದುಕೊಡಿ ಅಂಕಲ್ ಎಂದ. ಕೈ ನೋವು ಎಂದರು ಮಾವ. ಅವನು ಹಾಳೆಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮಗು ಬೇರೆ ಪಕ್ಕದಲ್ಲಿ ಬಂದು ಕೂತಿತು. ಕೊನೆಗೆ ಅವರು ಪೆನ್ಸಿಲ್ ಹಿಡಿದು ಬಹಳ ಹೊತ್ತು ಬರೆದರು. ಅತ್ತೆ, ಬದನೆಕಾಯಿಗೆ ಕೈಕಾಲು ಬಂದ ಹಾಗಿತ್ತು. ಧೃತಿ ನಗಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಆತ್ರೇಯ ಆ ಹಾಳೆಯನ್ನು ಮಡಿಸದೆ ಜೋಪಾನವಾಗಿ ಬ್ಯಾಗಿಗೆ ಹಾಕಿಕೊಂಡು ಹೋದ. ಅಷ್ಟು ದಿನ ನಾನು ಕಾಯುತ್ತಿದ್ದದ್ದು ಮಾವನವರನ್ನು ಅವನಿಂದ. ಅವತ್ತು ಮಾತ್ರ, ಇವರು ಆ ವೀರನನ್ನು ಬರೆದೇ ಇಲ್ಲವೇನೋ, ಬೇರೆ ಯಾರದೋ ಕೆಲಸಕ್ಕೆ ತಮ್ಮ ಹೆಸರು ಹಾಕಿಕೊಂಡರೇನೋ ಎಂದು ಅನ್ನಿಸಿತು. ಜೀವಮಾನದಲ್ಲಿ ಬೇರೆಯವರ ಒಂದು ಪೆನ್ನನ್ನೂ ಮನೆಗೆ ತರದವರ ಬಗ್ಗೆ.

ಸುಮ್ಮನಿರಲಾಗದೆ ಸುಂದರಿ ಆಂಟಿಗೆ ಫೋನ್ ಮಾಡಿದೆ. ನಿಮಗೆ ಜ್ಞಾಪಕವಿರಬಹುದು, ಉಡುಪಿ ಕಡೆಯವರು, ಹೋದ ಸಲ ನೀವು ಬಂದಾಗ ಪತ್ರೊಡೆ ಮಾಡಿ ತಂದಿದ್ದರಲ್ಲ, ಅವರು. ಈಗ ಬುಕಿತ್ ಪಂಜಾಂಗ್‌ಗೆ ಶಿಫ್ಟ್ ಆಗಿದ್ದಾರೆ. ಆತ್ರೇಯ ಎಂದ ತಕ್ಷಣ, ಅಯ್ಯೋ, ಅವನು ನಮ್ಮ ಬ್ಲಾಕಿನವನೇ ಎಂದರು. ಒಳ್ಳೆಯ ಹುಡುಗ, ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ, ಆ ತಾಯಿ ಮಾತ್ರ ಎಲ್ಲಿಗೂ ಬರುವುದಿಲ್ಲ, ಬೆಳಿಗ್ಗೆ ಕಾರಿಡಾರಿನಲ್ಲಿ ರಂಗೋಲಿ ಹಾಕಿದರೆ ಮಲಯ್ ಹುಡುಗಿಯರೂ ಚೀನೀ ಅಜ್ಜಿಯರೂ ತುಳಿಯದೆ ದಾಟಿಕೊಂಡು ಹೋಗುತ್ತಾರೆ, ಒಂದು ನವಿಲು ಬರೆದಿದ್ದರು ನೋಡು, ಹಾರಿ ಹೋಗುತ್ತದೆಯೋ ಎನ್ನುವ ಹಾಗೆ. ಹೆಸರು ಕೇಳಿದೆ. ಅಲಮೇಲು ಎಂದರು.

ಅಂದರೆ ತಾಯಿ ಊರಲ್ಲಿಲ್ಲ, ಇದೇ ಊರಲ್ಲಿದ್ದಾರೆ. ಹುಡುಗ ಸುಳ್ಳು ಹೇಳಿದ್ದ. ಅವತ್ತು ಊಟಕ್ಕೆ ಕೂತಾಗ, ಹುಳಿ ಬಡಿಸುತ್ತಾ, ಆತ್ರೇಯನ ತಾಯಿ ಇಲ್ಲೇ ಇದ್ದಾರಂತೆ ಮಾವ, ಅಲಮೇಲು ಅಂತ ಹೆಸರಂತೆ ಎಂದೆ. ಮಾವ ಕಲಸುತ್ತಿದ್ದ ಕೈ ನಿಲ್ಲಿಸಿದರು. ಅನ್ನ ಹಾಗೇ ಬಿಟ್ಟು ಕೈ ತೊಳೆದು ಬಾಲ್ಕನಿಗೆ ಹೋದರು. ಆಗ ನನ್ನ ತಲೆಯಲ್ಲಿ ಏನು ಬಂತು ಎಂದು ನೀವೇ ಊಹಿಸಬಲ್ಲಿರಿ. ಹೆಂಗಸಿನ ಹೆಸರು ಕೇಳಿ ಅರವತ್ತೈದರ ಗಂಡಸು ಊಟ ಬಿಟ್ಟು ಎದ್ದರೆ ಯಾವ ಸೊಸೆಗಾದರೂ ಬರುವ ಯೋಚನೆಯೇ ಅದು. ಆ ವಾರವೆಲ್ಲ ಅವರಿಗೆ ಕಾಫಿ ಕೊಡುವಾಗ ಲೋಟ ಸ್ವಲ್ಪ ಜೋರಾಗಿಯೇ ಇಟ್ಟೆ. ನಿಮ್ಮ ಪರವಾಗಿ ಎಂದುಕೊಳ್ಳಿ.

ಹೋದ ಭಾನುವಾರ ಆತ್ರೇಯ ಬಂದ. ಟೇಪ್ ರೆಕಾರ್ಡರ್ ಒತ್ತಿದ. ನಾನು ಕಾಫಿ ಇಟ್ಟು ಒಳಗೆ ಹೋಗದೆ ಅಲ್ಲೇ ಕೂತೆ. ಅವನು ಬಾಯಿ ತೆರೆಯುವ ಮೊದಲೇ ಮಾವ ಕೇಳಿದರು, 'ನಿಮ್ಮಮ್ಮ ಚೆನ್ನಾಗಿದಾರಾ ಆತ್ರೇಯ?'

ಹುಡುಗನ ಮುಖ ಕೆಂಪಾಯಿತು. ಟೇಪ್ ರೆಕಾರ್ಡರ್ ಆಫ್ ಮಾಡಿದ. ಆಮೇಲೆ ಹೇಳಿದ, 'ಇಷ್ಟು ವಾರ ವೇಟ್ ಮಾಡಿದೆ ಅಂಕಲ್. ಒಂದ್ಸಲನಾದ್ರೂ ನೀವಾಗೇ ಅಮ್ಮನ ಹೆಸರು ಹೇಳ್ತೀರೇನೋ ಅಂತ. ಹೇಳ್ಲೇ ಇಲ್ಲ. ಆ ಪಿಕ್ಚರ್ಸ್ ಎಲ್ಲಾ ಅಮ್ಮ ಬರೆದಿದ್ದು. ನೀವು ನಿಮ್ಮ ಹೆಸರು ಹಾಕ್ಕೊಂಡ್ರಿ, ಆಮೇಲೆ ಅಮ್ಮಂಗೆ ಹೇಳ್ದೆ ಮದ್ರಾಸಿನವ್ರಿಗೆ ಮಾರ್ಬಿಟ್ರಿ.'

ನಾನು ಮಾವನವರನ್ನು ನೋಡಿದೆ. ಅವರಿಗೆ ಕೋಪ ಬರಲಿಲ್ಲ. 'ನನ್ನ ಕೈಲಿ ಒಂದು ಗೆರೆ ಎಳೆಯೋಕ್ಕೆ ಬರಲ್ಲಪ್ಪ, ಅದು ನಿನಗೆ ಗೊತ್ತಾಗಿದೆ,' ಎಂದರು. 'ಚಿತ್ರ ನಿಮ್ಮಮ್ಮಂದು. ಕಥೆ ನಮ್ಮನೆಯವಳದು. ಸೈಕಲ್ ಮಾತ್ರ ನಂದು.'

ಅತ್ತೆ, ಕಥೆ ನಿಮ್ಮದು! ಬಸ್ಸಿನಲ್ಲಿ ಹೋಗುವಾಗ ಕಿಟಕಿಗೆ ತಲೆಯಿಟ್ಟು ಕಂಬಗಳನ್ನೇ ನೋಡುತ್ತಾ ಕೂರುತ್ತೀರಲ್ಲ, ನಾನು ನಿಮಗೆ ತಲೆ ಸುತ್ತೇನೋ ಎಂದು ನಿಂಬೆಹಣ್ಣು ಹಿಡಿದುಕೊಂಡು ಬರುತ್ತಿದ್ದೆ. ಹನ್ನೊಂದು ವರ್ಷ ಒಂದು ಮಾತೂ ಹೇಳಲಿಲ್ಲವಲ್ಲ. ಉಳಿದದ್ದನ್ನು ಮಾವ ಅವತ್ತು ಹೇಳಿದರು. ಒಂಟಿಕೊಪ್ಪಲಿನ ವಠಾರದಲ್ಲಿ ನೀವೂ ಅಲಮೇಲು ಅವರೂ ಎದುರು ಬದುರು ಮನೆಯವರು. ಮಧ್ಯಾಹ್ನ ಗಂಡಸರು ಹೊರಗೆ ಹೋದ ಮೇಲೆ ನೀವು ಕಥೆ ಹೇಳುತ್ತಿದ್ದಿರಿ, ಅವರು ಚಿತ್ರ ಬರೆಯುತ್ತಿದ್ದರು. ಅವರ ಅತ್ತೆಗೆ ತಿಳಿದರೆ ಮನೆಯಲ್ಲಿ ರಂಪ, ಚೆಡ್ಡಿ ಹಾಕಿದ ಗಂಡಸಿನ ಚಿತ್ರ ಸೊಸೆ ಬರೆಯುತ್ತಾಳೆಂದರೆ ಕೇಳಬೇಕೇ. ಹೆಸರು ಹಾಕಬೇಡಿ, ಯಾರ ಹತ್ತಿರವೂ ಹೇಳಬೇಡಿ ಎಂದು ಅವರೇ ಮಾವನವರಿಂದ ಮಾತು ತೆಗೆದುಕೊಂಡರಂತೆ. ಅವಳ ಹೆಸರಿಲ್ಲದ ಕಡೆ ನನ್ನದೂ ಬೇಡ ಎಂದು ನೀವು ಹಟ ಹಿಡಿದಿರಂತೆ. ಹೀಗಾಗಿ ಪ್ರೆಸ್ಸಿಗೆ ಹಾಳೆ ಹೊತ್ತುಕೊಂಡು ಹೋಗುತ್ತಿದ್ದ ಮಾವನವರ ಹೆಸರು ಬಿತ್ತು. ಆತ್ರೇಯ ಎಂದು ಹೆಸರು ಹೇಳಿದ ದಿನವೇ ಮಾವನವರಿಗೆ ಗೊತ್ತಾಗಿತ್ತಂತೆ, ಚಿಕ್ಕವನಿದ್ದಾಗ ಸೈಕಲ್ ಬಾರಿನ ಮೇಲೆ ಕೂರಿಸಿಕೊಂಡು ತಿರುಗಿಸಿದ ಮಗು. ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ ಎಂದು ನಾನೇ ಕೇಳಿದೆ. ನಾನು ಮಾತು ಉಳಿಸಿಕೊಂಡಿದೀನೋ ಇಲ್ವೋ ನೋಡೋಕ್ಕೆ ಅಲಮೇಲು ಅವರೇ ಮಗನ್ನ ಕಳಿಸಿದಾರೆ ಅಂತ ತಿಳ್ಕೊಂಡೆ, ಅದಕ್ಕೇ ಬಾಯಿಗೆ ಬಂದದ್ದು ಹೇಳ್ತಾ ಬಂದೆ ಎಂದರು. ನೋಡಿ, ಅನುಮಾನ ನನ್ನೊಬ್ಬಳದೇ ರೋಗವಲ್ಲ.

ಆದರೆ ಮದ್ರಾಸಿನ ಮಾತು ಮಾವನವರಿಗೆ ಅರ್ಥವೇ ಆಗಲಿಲ್ಲ. ಅವರು ಏನೆಂದು ಕೇಳಿದಾಗ ಆತ್ರೇಯ ಬ್ಯಾಗಿನಿಂದ ಒಂದು ಹಳೇ ತಮಿಳು ಪುಸ್ತಕ ತೆಗೆದಿಟ್ಟ. ಬ್ರಾಸ್ ಬಸಾದ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ಎರಡು ವರ್ಷದ ಹಿಂದೆ ಸಿಕ್ಕಿತಂತೆ. 'ತಂದಿ ರಾಜನ್', ಎಪ್ಪತ್ತಮೂರನೇ ಇಸವಿ. ರಟ್ಟಿನ ಮೇಲೆ ಕೆಂಪು ರುಮಾಲಿನಂಥದನ್ನು ಬೆನ್ನಿಗೆ ಕಟ್ಟಿಕೊಂಡು ಹಾರುವ ಗುಂಡಗಿನ ಮನುಷ್ಯ. ಒಳಗೆ ಮಾತ್ರ ಅದೇ ಖಾಕಿ ಅಂಗಿಯ ಬಡಕಲು ತಂತಿರಾಯ, ಮಾತುಗಳು ಮಾತ್ರ ತಮಿಳು. ಮನೆಗೆ ತಂದು ತೋರಿಸಿದಾಗ ಅವನ ತಾಯಿ ಅದನ್ನು ಕೈಯಿಂದ ಕಿತ್ತು ಬಿಸಾಡಿದರಂತೆ. ಚಿತ್ರ ತಮ್ಮದೆಂದು ಅವರು ಮಗನಿಗೆ ಹೇಳಿದ್ದೇ ಅವತ್ತು. ಎಪ್ಪತ್ತಮೂರರಲ್ಲೇ ಮದ್ರಾಸಿನ ಸ್ಟೇಷನ್ನಿನ ಪುಸ್ತಕದ ಅಂಗಡಿಯಲ್ಲಿ ಅವರು ಅದನ್ನು ನೋಡಿದ್ದರು. ಆಗ ಅವರು ಜಮ್‌ಶೆಡ್‌ಪುರದಲ್ಲಿದ್ದು, ನೆಂಟರ ಮದುವೆಗೆಂದು ಬಂದಿದ್ದರಂತೆ. ಚಿತ್ರಗಳ ಹಾಳೆಗಳನ್ನೆಲ್ಲ ಊರು ಬಿಡುವಾಗ ನಿಮ್ಮ ಕೈಗೆ ಕೊಟ್ಟು ಹೋಗಿದ್ದರಂತಲ್ಲ. ಹಾಳೆ ನಿಮ್ಮ ಹತ್ತಿರ ಇದ್ದ ಮೇಲೆ ಮಾರಿದವರು ನೀವಲ್ಲದೆ ಇನ್ನಾರು ಎಂದುಕೊಂಡರು. ಅಂದಿನಿಂದ ನಿಮ್ಮ ಕಾಗದಗಳಿಗೆ ಉತ್ತರ ಬರೆಯಲಿಲ್ಲ. ಇದಿಷ್ಟು ಕಾರಣ ಅತ್ತೆ. ಅಲಮೇಲು ಯಾಕೆ ಬರೆಯುವುದು ಬಿಟ್ಟಳು ಎಂದು ನೀವು ಬಹಳ ಕೊರಗಿದಿರಿ ಎಂದು ಮಾವ ಹೇಳಿದರು. ಕಾರಣ ಆ ಕೆಂಪು ರುಮಾಲಿನ ಪುಸ್ತಕ.

ಮಾವ ತಮಿಳು ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು. ಧೃತಿಯ ಸ್ಕೂಲಿನ ಭೂತಗನ್ನಡಿ ತರಿಸಿದರು. ಆತ್ರೇಯನ ಹತ್ತಿರ 'ಬಾಲಕೌತುಕ'ದ ಒಂದು ಸಂಚಿಕೆ ಇತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಂದು ಚೌಕದ ಮೇಲೆ ಬೆರಳಿಟ್ಟರು. ತಂತಿರಾಯ ಕಂಬ ಹತ್ತುವ ಚಿತ್ರ. ಅವನ ಮೊಣಕೈ ಕೆಳಗೆ ಮೂಲೆಯಲ್ಲಿ ಬಿಳಿ ಗೀರು, ಎರಡರಲ್ಲೂ ಒಂದೇ ಜಾಗದಲ್ಲಿ, ಒಂದೇ ಆಕಾರದಲ್ಲಿ. 'ಇದು ಚಿತ್ರದ್ದಲ್ಲ, ಬ್ಲಾಕಿಂದು,' ಎಂದರು. ಆಗೆಲ್ಲ ಚಿತ್ರವನ್ನು ಸತುವಿನ ತಗಡಿಗೆ ಇಳಿಸಿ, ಮರದ ತುಂಡಿಗೆ ಮೊಳೆ ಹೊಡೆದು ಅಚ್ಚು ಹಾಕುತ್ತಿದ್ದರಂತೆ, ಅದು ಬ್ಲಾಕು. ಬ್ಲಾಕ್ ಮಾಡುವವರಿಂದ ಪ್ರೆಸ್ಸಿಗೆ ತರುವಾಗ ಗಾಡಿ ಚೌಕದಲ್ಲಿ ಜಟಕಾಗೆ ಅಡ್ಡ ಸಿಕ್ಕಿ ಮಾವ ಸೈಕಲ್ ಸಮೇತ ಬಿದ್ದರಂತೆ, ಆ ತುಂಡಿನ ಮೂಲೆ ಜಜ್ಜಿಹೋಯಿತಂತೆ. ಮನೆಗೆ ಬಂದು ನಿಮ್ಮಿಬ್ಬರಿಂದಲೂ ಬೈಸಿಕೊಂಡೆ ಎಂದರು. ಮದ್ರಾಸಿನವರು ನಿಮ್ಮ ಹಾಳೆ ನೋಡಿ ಹೊಸ ಬ್ಲಾಕ್ ಮಾಡಿಸಿದ್ದರೆ ಈ ಗೀರು ಎಲ್ಲಿಂದ ಬರಬೇಕು? ಪತ್ರಿಕೆ ನಿಂತು ಪ್ರೆಸ್ಸು ಮುಚ್ಚಿದಾಗ ಯಜಮಾನರು ಬ್ಲಾಕುಗಳನ್ನು ಹಳೇ ಸಾಮಾನಿನ ಜೊತೆ ಕೊಟ್ಟುಬಿಟ್ಟಿರಬೇಕು, ಹಾಗೆ ಅವು ಮದ್ರಾಸು ಸೇರಿರಬೇಕು ಎಂದರು. ಆ ಹೊತ್ತಿಗೆ ನೀವು ಹಾಸನಕ್ಕೆ ವರ್ಗವಾಗಿ ಹೋಗಿ ವರ್ಷವಾಗಿತ್ತಂತೆ. ಆತ್ರೇಯ ಭೂತಗನ್ನಡಿ ಹಿಡಿದು ಗೀರನ್ನು ನೋಡುತ್ತಲೇ ಇದ್ದ. ಆಮೇಲೆ ಅಂದ, 'ನನಗೆ ಸರಿ ಅನ್ಸುತ್ತೆ ಅಂಕಲ್. ಅಮ್ಮನ್ನ ಕನ್ವಿನ್ಸ್ ಮಾಡೋದು ಕಷ್ಟ. ನೀವೇ ಬನ್ನಿ.'

ನಿನ್ನೆ ಶನಿವಾರ ಎರಡು ಬಸ್ ಬದಲಾಯಿಸಿ ಬುಕಿತ್ ಪಂಜಾಂಗ್‌ಗೆ ಹೋದೆವು, ನಾನು ಮತ್ತು ಮಾವ. ಬಸ್ಸಿನಲ್ಲಿ ಮಾವ ಕರವಸ್ತ್ರ ಮಡಿಸುವುದು, ಬಿಚ್ಚುವುದು, ಅಷ್ಟೇ. ಬಾಗಿಲು ತೆರೆದವರು ಅಲಮೇಲು ಅವರೇ. ಕುಳ್ಳಗಿದ್ದಾರೆ, ಕೂದಲು ಪೂರ್ತಿ ಬೆಳ್ಳಗಾಗಿದೆ, ಬೆರಳುಗಳು ಮಾತ್ರ ಉದ್ದ. ಬನ್ನಿ ಎಂದರು, ಮಾವನವರ ತಲೆ ನೋಡಿ, ಕೂದಲೆಲ್ಲ ಹೋಯಿತಲ್ಲ ಎಂದರು, ಅಷ್ಟೇ. ಮಾವ ಭೂತಗನ್ನಡಿ ತೆಗೆದು ಗೀರು ತೋರಿಸಿದರು, ಬಿದ್ದ ಕಥೆ ಹೇಳಿದರು. ಆಕೆ ಎಲ್ಲ ಕೇಳಿಸಿಕೊಂಡು ಶಾಂತವಾಗಿಯೇ ಹೇಳಿದರು, 'ಬ್ಲಾಕ್ ಹೋಯ್ತು ಅಂತಲೇ ಇಟ್ಕೊಳ್ಳೋಣ. ಕೊಟ್ಬಿಡಿ ಅಂತ ಪ್ರೆಸ್ಸಿನವರಿಗೆ ನೀವು ಹೇಳಿಲ್ಲ ಅಂತ ಹೇಗೆ ನಂಬ್ಲಿ?' ಇಂಥ ಪ್ರಶ್ನೆಯನ್ನು ನಾನೇ ಆಗಿದ್ದರೂ ಕೇಳುತ್ತಿದ್ದೆ, ಆದ್ದರಿಂದ ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. 'ನಿಮ್ಮ ಹಾಳೆಗಳೆಲ್ಲ ಕೌಸಲ್ಯಾ ಹತ್ರಾನೇ ಇವೆ, ಒಂದೂ ಹೋಗಿಲ್ಲ,' ಎಂದಷ್ಟೇ ಹೇಳಿದರು ಮಾವ, ನಿಮ್ಮ ಹೆಸರು ಹಿಡಿದು. ಅದಕ್ಕೂ ಆಕೆ ತಲೆಯಾಡಿಸಲಿಲ್ಲ.

ಆಗ ನನಗೆ ಥಟ್ಟನೆ ಹೊಳೆಯಿತು. ಮದುವೆಯಾದ ವರ್ಷ ನವರಾತ್ರಿಗೆ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಿದಾಗ ತಳದಲ್ಲಿ ಒಂದು ಚಪ್ಪಟೆ ಗಂಟಿತ್ತು. ನಾನು ಕೈಹಾಕಿದೆ. ನೀವು ಎಂದೂ ಗದರದವರು, ಅವತ್ತು, ಅದನ್ನು ಮುಟ್ಟಬೇಡ ಎಂದಿರಿ. ಆಮೇಲೆ ಪ್ರತಿ ವರ್ಷವೂ ಆ ಗಂಟನ್ನು ನೀವೇ ಎತ್ತಿ, ನೀವೇ ಇಡುತ್ತೀರಿ. ಅದರಲ್ಲಿ ಒಡವೆ ಇರಬೇಕೆಂದು ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ, ಅದೂ ಬರೆದುಬಿಡುತ್ತೇನೆ. ಇದನ್ನು ಅಲಮೇಲು ಅವರಿಗೆ ಹೇಳಿದೆ. ಹಳೇ ಸೀರೆಯಲ್ಲಿ ಸುತ್ತಿದ್ದಾರೆ ಎಂದೆ.

'ಯಾವ ಬಣ್ಣ?' ಎಂದರು.

'ನೇರಳೆ. ಅಂಚು ಸಾಸಿವೆ ಹಳದಿ, ಒಂದು ಕಡೆ ಇಂಕಿನ ಕಲೆ ಇದೆ.'

ಆಕೆ ಎದ್ದು ಅಡಿಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಬಹಳ ಹೊತ್ತು ನಿಲ್ಲಲಿಲ್ಲ. ಆತ್ರೇಯ ಒಳಗೆ ಹೋಗಲು ಎದ್ದವನು ಮತ್ತೆ ಕೂತ. ಅದು ಅವರದೇ ಸೀರೆಯಂತೆ, ಊರು ಬಿಡುವ ದಿನ ಬೇರೆ ಬಟ್ಟೆ ಸಿಗದೆ, ಉಡುವ ಸೀರೆಯಲ್ಲೇ ಹಾಳೆಗಳನ್ನು ಕಟ್ಟಿ ನಿಮಗೆ ಕೊಟ್ಟರಂತೆ. ಇದನ್ನು ಹೇಳಿದ್ದು ಮಾವ, ಆಕೆಯಲ್ಲ. ಆಕೆ ಕಾಫಿ ಹಿಡಿದು ಬಂದಾಗ ಮುಖ ತೊಳೆದಿದ್ದರು. ಆಮೇಲೆ ಮಾತೆಲ್ಲ ವತ್ಸಲಾಳ ಮಗುವಿನದು, ಇಲ್ಲಿ ಸಿಗುವ ನುಗ್ಗೆಕಾಯಿಯದು. ನಿಮ್ಮ ಹೆಸರನ್ನು ಆಕೆ ಒಮ್ಮೆಯೂ ಎತ್ತಲಿಲ್ಲ. ಹೊರಡುವಾಗ ನನಗೆ ಕುಂಕುಮ ಕೊಟ್ಟು, ಕಾರಿಡಾರಿನ ತುದಿಯವರೆಗೂ ಬಂದು ನಿಂತರು. ನಂಬಿದರೋ ಇಲ್ಲವೋ ಎಂದು ನಿನ್ನೆ ರಾತ್ರಿಯೆಲ್ಲ ಲೆಕ್ಕ ಹಾಕಿದೆ. ನಂಬಿದವರ ಹಾಗೆ ಕಂಡರು, ಆದರೆ ನನ್ನ ಊಹೆಯ ಮೇಲೆ ಈಚೆಗೆ ನನಗೇ ಭರವಸೆಯಿಲ್ಲ. ಮಾವ ಮಾತ್ರ ನಿನ್ನೆ ಹೊಟ್ಟೆತುಂಬ ಊಟ ಮಾಡಿದರು. ಆತ್ರೇಯ ತನ್ನ ಪತ್ರಿಕೆಯಲ್ಲಿ ತಂತಿರಾಯನ ಚರಿತ್ರೆ ಬರೆಯುತ್ತಾನಂತೆ. ಕಥೆ ಯಾರು, ಚಿತ್ರ ಯಾರು ಎಂದು ಹಾಕಲು ಈಗ ನಿಮ್ಮ ಒಪ್ಪಿಗೆ ಬೇಕು, ಅವನ ತಾಯಿಯದನ್ನು ಅವನು ನೋಡಿಕೊಳ್ಳುತ್ತಾನೆ. ಮಾವನವರ ಹೆಸರನ್ನು ಸೈಕಲ್ ವಿಭಾಗದಲ್ಲಿ ಹಾಕಬೇಕಂತೆ, ಇದು ಮಾವನವರದೇ ಷರತ್ತು.

ಮಾವನವರ ಬಗ್ಗೆ ಆ ಒಂದು ವಾರ ನಾನು ಯೋಚಿಸಿದ್ದನ್ನು ಅವರಿಗೆ ಹೇಳಬೇಡಿ. ಮಂಡಿಗೆ ಎಣ್ಣೆ ಹಚ್ಚಿ, ಬಿಸಿ ಉಪ್ಪಿನ ಗಂಟು ಇಡಿ. ವತ್ಸಲಾಗೆ ನನ್ನ ಪ್ರೀತಿ, ಕಂದನ ಕೆನ್ನೆಗೆ ಧೃತಿಯ ಮುತ್ತು. ನಿಮ್ಮ ಆಶೀರ್ವಾದ ಇಲ್ಲಿಯವರೆಗೂ ತಲುಪುತ್ತಿದೆ, ಹಾಗೇ ಕಳಿಸುತ್ತಿರಿ.

ಇಂತಿ, ನಿಮ್ಮ ಅನುಮಾನದ ಸೊಸೆ,
ಶಾಮಲಾ

ಮರೆತ ಮಾತು: ಲಕೋಟೆ ಅಂಟಿಸಬೇಕು ಎನ್ನುವಾಗ ಆತ್ರೇಯನ ಫೋನ್ ಬಂತು, ಈ ಸಲ ಮನೆಯಿಂದಲೇ. ಜೂನ್ ಇಪ್ಪತ್ತೊಂಬತ್ತು, ಭಾನುವಾರ, ನಿಮ್ಮ ಕಡೆಯ ಬೆಳಿಗ್ಗೆ ಹತ್ತು ಗಂಟೆಗೆ ಮೈಸೂರಿನ ಮನೆಗೆ ಫೋನ್ ಮಾಡುತ್ತಾರಂತೆ. ಅವನಲ್ಲ, ಅವನ ತಾಯಿ. 'ನಂಬರ್ ನೀನು ಒತ್ತಿಕೊಡು, ಮಾತು ಅವಳೇ ಶುರು ಮಾಡ್ಲಿ' ಎಂದಿದ್ದಾರಂತೆ. ವತ್ಸಲಾಗೂ ಹೇಳಿಡಿ, ಅವಳು ಎತ್ತಿದರೆ ತಕ್ಷಣ ನಿಮಗೆ ಕೊಡಲಿ. ಆ ಕಡೆಯಿಂದ ಏನೂ ಕೇಳಿಸದಿದ್ದರೆ ರಾಂಗ್ ನಂಬರ್ ಎಂದು ಇಟ್ಟುಬಿಡಬೇಡಿ.